ಡಿಎಪಿ ಚೀಲ ಕಲಿಸಿದ ‘ಡೈ’: ಒಬ್ಬ ಹುಡುಗನ ಪ್ರಕರಣ

“ಮೇಡಂ, ಲ್ಯಾಬಲ್ಲಿ ಎಲ್ಲ ಸರಿಯಾಗೇ ಮಾಡ್ತಾನಂತೆ. ಕೊನೇಲಿ ಹೆಸರು ಬರೆಯೋ ಹೊತ್ತಿಗೆ ಕೆಡಿಸ್ಕೋತಾನಂತೆ. ಅದೇನು ಅಂತ ಸ್ವಲ್ಪ ನೋಡಿ.”

ಹುಡುಗನ ತಂದೆ ಹೇಳಿದ್ದು ಇಷ್ಟೇ. ಆಲ್ದೂರು ಕಡೆಯವರು. ಸಣ್ಣ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು, ತಗ್ಗಿನಲ್ಲಿ ಸ್ವಲ್ಪ ಅಡಿಕೆ. ಜುಲೈ ತಿಂಗಳು, ಮಳೆ ಹಿಡಿದಿತ್ತು. ತಂದೆ ಜಗಲಿಯಲ್ಲೇ ನಿಂತು ಕೊಡೆ ಮಡಚುತ್ತಾ ಮಾತಾಡಿದರು. ಮಗ ಅವರ ಹಿಂದೆ ನೆಲ ನೋಡುತ್ತಾ ನಿಂತಿದ್ದ. ದ್ವಿತೀಯ ಪಿಯುಸಿ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಚಿಕ್ಕಮಗಳೂರಿನ ನಮ್ಮ ಮನೆಯ ಹೊರಕೋಣೆಯಲ್ಲಿ ಸಂಜೆ ಹೊತ್ತು ಐದಾರು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಆ ಗುಂಪಿಗೆ ಇವನೂ ಸೇರಿದ. ಹೆಸರು ಬೇಡ, ಹುಡುಗ ಅಂತಲೇ ಕರೆಯುತ್ತೇನೆ.

ಅವನ ಲ್ಯಾಬ್ ರೆಕಾರ್ಡ್ ತೆರೆದು ನೋಡಿದೆ. ಕೊಟ್ಟ ಉಪ್ಪು ಬಿಳಿ ಹರಳು. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬಿಸಿ ಮಾಡಿದಾಗ ಅಮೋನಿಯಾ ವಾಸನೆ, ಒದ್ದೆ ಕೆಂಪು ಲಿಟ್ಮಸ್ ನೀಲಿಗೆ ತಿರುಗಿದೆ. ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿ ಪ್ರಕ್ಷೇಪ, ಅದು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಲ್ಲ. ಅಂದರೆ ಅಮೋನಿಯಂ ಇದೆ, ಸಲ್ಫೇಟ್ ಇದೆ. ಇಷ್ಟೂ ಸರಿ. ಸೂತ್ರವೂ ಸರಿ: (ಎನ್‌ಎಚ್₄)₂ಎಸ್‌ಒ₄. ಅದರ ಕೆಳಗಿನ ಸಾಲಿನಲ್ಲಿ ‘ಡೈಅಮೋನಿಯಂ ಸಲ್ಫೇಟ್’ ಅಂತ ಬರೆದಿದ್ದಾನೆ. ಅದರ ಮೇಲೆ ಉಪನ್ಯಾಸಕರ ಕೆಂಪು ಗೀಟು, ಇರಬೇಕಾದದ್ದು ಬರೀ ‘ಅಮೋನಿಯಂ ಸಲ್ಫೇಟ್’. ಯಾಕೆ ಅಂತ ಬರೆದಿಲ್ಲ. ಅವರನ್ನು ದೂರುವುದಿಲ್ಲ, ರೆಕಾರ್ಡುಗಳ ರಾಶಿ ಮುಂದೆ ಕೂತಾಗ ನಾನೂ ಗೀಟಷ್ಟೇ ಎಳೆದಿದ್ದೇನೆ.

20 ಹೆಸರಿನ ಚೀಟಿ

ಹೊಸದಾಗಿ ಬಂದವರಿಗೆ ನಾನು ಪಾಠ ಶುರು ಮಾಡುವ ಮೊದಲು ಒಂದು ಚೀಟಿ ಕೊಡುತ್ತೇನೆ. 20 ಸೂತ್ರ, ಎದುರಿಗೆ ಹೆಸರು ಬರೆಯಬೇಕು. ಎಲ್ಲವೂ ಬಹುಪರಮಾಣು ಅಯಾನು ಇರುವ ಸಂಯುಕ್ತಗಳು. ಅಂದರೆ ಎರಡೋ ಅದಕ್ಕಿಂತ ಹೆಚ್ಚೋ ಪರಮಾಣುಗಳು ಒಟ್ಟಿಗೆ ಅಂಟಿಕೊಂಡು, ಎಲ್ಲ ಸೇರಿ ಒಂದೇ ಚಾರ್ಜ್ ಹೊತ್ತುಕೊಂಡಿರುವ ಗುಂಪುಗಳು. ನೈಟ್ರೇಟ್, ಸಲ್ಫೇಟ್, ಕಾರ್ಬೋನೇಟ್, ಫಾಸ್ಫೇಟ್, ಹೈಡ್ರಾಕ್ಸೈಡ್, ಅಮೋನಿಯಂ. ಹೊಸ ವಿಷಯವೇನಲ್ಲ. ಒಂಬತ್ತನೇ ತರಗತಿಯಲ್ಲೇ ಇವುಗಳ ಪಟ್ಟಿ ಬರುತ್ತದೆ. ಮಕ್ಕಳು ಅದನ್ನು ಮಗ್ಗಿ ಥರ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮಗ್ಗಿ ಥರವೇ ಮರೆಯುತ್ತಾರೆ.

ಹುಡುಗನಿಗೆ 20ಕ್ಕೆ 7 ಬಂತು.

ಮಾರ್ಕ್ಸ್ ನೋಡಿದರೆ ದಡ್ಡ ಅನ್ನಿಸುತ್ತದೆ. ತಪ್ಪುಗಳನ್ನು ಬೇರೆ ಬೇರೆ ಮಾಡಿ ಇಟ್ಟಾಗ ಬೇರೆಯದೇ ಕಾಣಿಸಿತು. 13 ತಪ್ಪಿನಲ್ಲಿ 6 ಕಡೆ ‘ಡೈ’ (ಎರಡು), ‘ಟ್ರೈ’ (ಮೂರು) ಸೇರಿಸಿದ್ದ. ಸಿಎ(ಎನ್‌ಒ₃)₂ ಅವನಿಗೆ ಕ್ಯಾಲ್ಸಿಯಂ ಡೈನೈಟ್ರೇಟ್. ಎಎಲ್₂(ಎಸ್‌ಒ₄)₃ ಡೈಅಲ್ಯೂಮಿನಿಯಂ ಟ್ರೈಸಲ್ಫೇಟ್. ಗಮನಿಸಿ, ಲೆಕ್ಕ ಎಲ್ಲೂ ತಪ್ಪಿಲ್ಲ. ಎಷ್ಟಿದೆಯೋ ಅಷ್ಟೇ ಹೇಳಿದ್ದಾನೆ. ಇನ್ನು 4 ಕಡೆ ಏಟ್, ಐಟ್, ಐಡ್ ಅದಲುಬದಲು. ಸೋಡಿಯಂ ಸಲ್ಫೈಟನ್ನು ಸಲ್ಫೇಟ್ ಮಾಡಿದ್ದ, ಸೋಡಿಯಂ ನೈಟ್ರೈಟನ್ನು ನೈಟ್ರೈಡ್ ಮಾಡಿದ್ದ. ಉಳಿದ 3 ಕಡೆ ಅಯಾನನ್ನೇ ಒಡೆದು ಹಾಕಿದ್ದ. ಎಂಜಿ(ಎಚ್‌ಸಿಒ₃)₂ ಎದುರಿಗೆ ‘ಮೆಗ್ನೀಸಿಯಂ ಹೈಡ್ರೋಜನ್ ಕಾರ್ಬನ್ ಆಕ್ಸೈಡ್’ ಅಂತಿತ್ತು.

ನನಗೆ ಜಾಸ್ತಿ ಸುಳಿವು ಕೊಟ್ಟಿದ್ದು ಸರಿ ಬಂದ 7. ಕಾಪರ್ ಸಲ್ಫೇಟ್, ಜಿಂಕ್ ಸಲ್ಫೇಟ್, ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಪೊಟ್ಯಾಸಿಯಂ ಡೈಕ್ರೋಮೇಟ್, ಪೊಟ್ಯಾಸಿಯಂ ನೈಟ್ರೇಟ್, ಕ್ಯಾಲ್ಸಿಯಂ ಕಾರ್ಬೋನೇಟ್, ಸೋಡಿಯಂ ಬೈಕಾರ್ಬೋನೇಟ್. ಸೋಡಿಯಂ ಜೊತೆಗಿದ್ದಾಗ ಬೈಕಾರ್ಬೋನೇಟನ್ನು ಗುರುತಿಸಿದವನು, ಅದೇ ಅಯಾನು ಮೆಗ್ನೀಸಿಯಂ ಜೊತೆ ಬಂದಾಗ ಚೂರು ಚೂರು ಮಾಡಿದ್ದಾನೆ. ಹೇಗೆ?

“ಇದು ಹೇಗೆ ಗೊತ್ತಾಯ್ತು?” ಅಂತ ಸೋಡಿಯಂ ಬೈಕಾರ್ಬೋನೇಟ್ ತೋರಿಸಿ ಕೇಳಿದೆ.

“ಅಡುಗೆ ಸೋಡಾ ಪ್ಯಾಕೆಟ್ ಮೇಲೆ ಇರುತ್ತಲ್ಲ ಮೇಡಂ.”

“ಡೈಕ್ರೋಮೇಟ್?”

“ಲ್ಯಾಬಲ್ಲಿ ಬಾಟ್ಲಿ ಮೇಲೆ.”

ಏಳಕ್ಕೆ ಏಳೂ ಹಾಗೇ. ಲ್ಯಾಬ್ ಬಾಟಲಿ, ಅಡುಗೆಮನೆಯ ಪ್ಯಾಕೆಟ್, ಇಲ್ಲ ಗೊಬ್ಬರದ ಮನೆಯ ಚೀಲ. ಕಾಪರ್ ಸಲ್ಫೇಟ್ ಅಂದರೆ ಮೈಲುತುತ್ತ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮನೆಗೆ ಬರುತ್ತದೆ. ಜಿಂಕ್ ಸಲ್ಫೇಟ್ ಕಾಫಿ ಎಲೆಗೆ ಸಿಂಪಡಿಸುವುದು. ಹುಡುಗ ಹೆಸರಿಡುವುದನ್ನು ಕಲಿತೇ ಇರಲಿಲ್ಲ. ಲೇಬಲ್ ಓದಿ ಓದಿ ನೆನಪಿಟ್ಟುಕೊಂಡಿದ್ದ. ಲೇಬಲ್ ಸಿಗದ ಕಡೆ ತನಗೆ ತೋಚಿದ ನಿಯಮ ಹಾಕಿದ್ದ. ಆ ನಿಯಮ ಎಲ್ಲಿಂದ ಬಂತು ಅನ್ನುವುದೇ ಈ ಪ್ರಕರಣ.

ಗಟ್ಟಿಯಾಗಿ ಓದಿಸಿದ್ದು

ತಪ್ಪು ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸಬೇಕು. ಕ್ಯಾಲ್ಸಿಯಂ ನೈಟ್ರೇಟ್ ಸೂತ್ರ ಮುಂದಿಟ್ಟು ಓದು ಅಂದೆ.

“ಸಿಎ ಒಂದು, ಎನ್ ಎರಡು, ಓ ಆರು.”

ಬ್ರಾಕೆಟ್ ಕಣ್ಣಿಗೆ ಬಿದ್ದ ಕೂಡಲೇ ಅದನ್ನು ಬಿಚ್ಚಿ ಗುಣಿಸಿಬಿಟ್ಟ. ಇದು ದಡ್ಡತನವಲ್ಲ, ಅಭ್ಯಾಸ. ಅಣುತೂಕ ಹಾಕುವಾಗ ಹಾಗೇ ಮಾಡಬೇಕು. ಸಮೀಕರಣ ಸರಿದೂಗಿಸುವಾಗ ಪರಮಾಣು ಎಣಿಸುವುದೂ ಹಾಗೇ. ಪ್ರಥಮ ಪಿಯುಸಿ ಪೂರ್ತಿ ಬ್ರಾಕೆಟ್ ಬಿಚ್ಚುವುದನ್ನೇ ಕಲಿಸಿದ್ದೇವೆ. ಈಗ ಹೆಸರಿಡುವಾಗ ಮಾತ್ರ ಬ್ರಾಕೆಟ್ ಮುಟ್ಟಬೇಡ ಅಂತೀವಿ. ಯಾವಾಗ ಬಿಚ್ಚಬೇಕು, ಯಾವಾಗ ಬಿಚ್ಚಬಾರದು ಅಂತ ಯಾರೂ ಹೇಳಿಲ್ಲ. ಹೇಳಬೇಕಾದ ವಿಷಯ ಅಂತ ನನಗೂ ಅಲ್ಲಿವರೆಗೆ ಅನ್ನಿಸಿರಲಿಲ್ಲ.

ಆ ದಿನ ಒತ್ತಕ್ಷರದ ಉದಾಹರಣೆ ಕೊಟ್ಟೆ. ‘ಕ್ಷ’ ಬರೆದು ಓದು ಅಂದರೆ ಯಾರಾದರೂ ಕ, ಷ ಅಂತ ಬಿಡಿಸಿ ಓದುತ್ತಾರಾ? ಒಳಗೆ ಎರಡು ವ್ಯಂಜನ ಇದೆ ಅಂತ ಎಲ್ಲರಿಗೂ ಗೊತ್ತು. ಆದರೂ ಬಾಯಲ್ಲಿ ಅದು ಒಂದೇ. ಎನ್‌ಒ₃ ಕೂಡ ಹಾಗೆ. ಹುಡುಗ ತಲೆಯಾಡಿಸಿದ. ಒಪ್ಪಿದ್ದಾನೋ, ಮೇಡಂ ಹೇಳಿದರು ಅಂತ ಆಡಿಸಿದ್ದಾನೋ ಗೊತ್ತಾಗಲಿಲ್ಲ.

ನಿಜವಾಗಿ ಹತ್ತಿದ್ದು ಎರಡು ದಿನ ಬಿಟ್ಟು, ಬೆಳೆಯ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮಾತು ಬಂದಾಗ.

“ನಿಮ್ಮನೇಲಿ ಹೇಗೆ ಮಾಡ್ತೀರಿ?” ಅಂತ ಕೇಳಿದೆ. ತಡವರಿಸುವ ಹುಡುಗ ನೆಟ್ಟಗೆ ಕೂತು ಹೇಳಿದ. ಮೆಣಸಿಗೆ, ಅಡಿಕೆಗೆ ಒಂದು ಪರ್ಸೆಂಟು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕಾಫಿಗೆ ಅದರ ಅರ್ಧ. ಎರಡನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಕದಡಿ ಆಮೇಲೆ ಸೇರಿಸಬೇಕು. ಕೊನೆಗೆ ಕತ್ತಿ ಅದ್ದಿ ನೋಡಬೇಕು. ಕತ್ತಿ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು.

“ಆ ಕೆಂಪು ಏನು?”

“ತಾಮ್ರ.”

“ಸಲ್ಫೇಟ್ ಎಲ್ಲಿಗೆ ಹೋಯ್ತು?”

ಇದನ್ನು ಅವನು ಯೋಚಿಸಿರಲಿಲ್ಲ. ಕಾಗದದ ಮೇಲೆ ಬರೆದು ನೋಡಿದೆವು. ಮೈಲುತುತ್ತದಲ್ಲಿ ಸಲ್ಫೇಟ್ ತಾಮ್ರದ ಜೊತೆ ಇತ್ತು. ಕಬ್ಬಿಣದ ಕತ್ತಿ ಅದ್ದಿದಾಗ ತಾಮ್ರ ಹೊರಗೆ ಬಿತ್ತು, ಕಬ್ಬಿಣ ಆ ಜಾಗಕ್ಕೆ ಬಂತು. ಈಗ ಅದು ಐರನ್ ಸಲ್ಫೇಟ್. ಸುಣ್ಣ ಹಾಕಿದಾಗ, ಸರಳವಾಗಿ ಹೇಳುವುದಾದರೆ, ತಾಮ್ರ ಹೈಡ್ರಾಕ್ಸೈಡ್ ಜೊತೆ ಸೇರಿತು, ಸಲ್ಫೇಟ್ ಕ್ಯಾಲ್ಸಿಯಂ ಜೊತೆ ಹೋಯಿತು. ಡ್ರಮ್ಮಿನಲ್ಲಿ ಇಷ್ಟೆಲ್ಲ ಆದರೂ ಗಂಧಕದಿಂದ ಆಕ್ಸಿಜನ್ ಒಂದೂ ಕಳಚಿಲ್ಲ. ಮನೆ ಬದಲಾಯಿತು, ಸಂಸಾರ ಒಡೆಯಲಿಲ್ಲ.

“ಲ್ಯಾಬಲ್ಲಿ ಬೇರಿಯಂ ಹಾಕಿದಾಗ್ಲೂ ಇದೇ ಅಲ್ವಾ ಮೇಡಂ?” ಅಂದ.

ಹೌದು, ಇದೇ. ಅಲ್ಲಿ ಸಲ್ಫೇಟ್ ಅಮೋನಿಯಂ ಬಿಟ್ಟು ಬೇರಿಯಂ ಜೊತೆ ಕೆಳಗೆ ಕೂತಿತು. ಇಡೀ ಗುಂಪಾಗಿ ಓಡಾಡುವುದರಿಂದಲೇ ಅದಕ್ಕೆ ಗುಂಪಿನ ಹೆಸರು. ಅವತ್ತಿನಿಂದ ಹೆಸರು ಬರೆಯುವ ಮೊದಲು ಪೆನ್ಸಿಲ್‌ನಲ್ಲಿ ಒಂದೊಂದು ಅಯಾನಿಗೂ ಸುತ್ತ ಗೆರೆ ಹಾಕಬೇಕು ಅಂತ ಕಟ್ಟುನಿಟ್ಟು ಮಾಡಿದೆ. ಒಡೆಯುವ ತಪ್ಪು ಅಲ್ಲಿಗೆ ನಿಂತಿತು.

ನನ್ನ ತಪ್ಪು

‘ಡೈ’ ವಿಷಯದಲ್ಲಿ ನಾನು ಅವಸರ ಮಾಡಿದೆ. “ಅಯಾನಿಕ ಸಂಯುಕ್ತಕ್ಕೆ ಡೈ, ಟ್ರೈ ಹಾಕೋದಿಲ್ಲ, ಅಷ್ಟೇ” ಅಂದುಬಿಟ್ಟೆ.

“ಹಾಗಾದ್ರೆ ಡಿಎಪಿ?” ಅಂದ ಹುಡುಗ. “ಡೈಅಮೋನಿಯಂ ಫಾಸ್ಫೇಟ್ ಅಂತ ಗೊಬ್ಬರದ ಚೀಲದ ಮೇಲೇ ಇದೆಯಲ್ಲ. ಅವರು ತಪ್ಪು ಬರೆದಿದ್ದಾರಾ?”

ನಿಯಮ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಅಲ್ಲೇ ಇತ್ತು. ನನಗೆ ಕಾಣಲಿಲ್ಲ. ಗಂಟೆ ಏಳಾಗಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. “ಅದು ವ್ಯಾಪಾರದ ಹೆಸರು, ಬಿಡು” ಅಂದೆ.

ಅವನು ಬಿಟ್ಟ. ಎಷ್ಟು ಚೆನ್ನಾಗಿ ಬಿಟ್ಟ ಅಂದರೆ ಮುಂದಿನ ವಾರದ ಚೀಟಿಯಲ್ಲಿ ಎಲ್ಲ ಕಡೆಯಿಂದಲೂ ‘ಡೈ’ ಕಿತ್ತು ಹಾಕಿದ್ದ. ಮೊದಲು ಸರಿ ಬರೆದಿದ್ದ ಪೊಟ್ಯಾಸಿಯಂ ಡೈಕ್ರೋಮೇಟ್ ಈಗ ಪೊಟ್ಯಾಸಿಯಂ ಕ್ರೋಮೇಟ್ ಆಗಿತ್ತು. ಕ್ರೋಮೇಟ್ ಬೇರೆ, ಡೈಕ್ರೋಮೇಟ್ ಬೇರೆ. ಒಂದು ಹಳದಿ, ಇನ್ನೊಂದು ಕಿತ್ತಳೆ. ಸಾಲದ್ದಕ್ಕೆ ಕೊನೆಯಲ್ಲಿ ಸುಮ್ನೆ ಕೇಳಿದ್ದ ಸಿಒ₂ಗೆ ‘ಕಾರ್ಬನ್ ಆಕ್ಸೈಡ್’ ಅಂತ ಬರೆದಿದ್ದ. ಒಂದು ತಪ್ಪು ತೆಗೆಯಲು ಹೋಗಿ ಎರಡು ಹೊಸದು ನೆಟ್ಟಿದ್ದೆ.

ರಾತ್ರಿ ಕೂತು ಯೋಚಿಸಿದೆ. ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಸಿಒ₂ಗೆ ಡೈ ಬೇಕು, ಕ್ಯಾಲ್ಸಿಯಂ ನೈಟ್ರೇಟಿಗೆ ಬೇಡ, ಡಿಎಪಿಗೆ ಇದೆ. ಮೂರಕ್ಕೂ ಒಂದೇ ಕಾರಣ ಹೇಳಲು ಆಗದಿದ್ದರೆ ನನ್ನ ನಿಯಮ ನಿಯಮವಲ್ಲ, ಬರೀ ಜಬರ್ದಸ್ತಿ.

ಚೀಲದ ಲೆಕ್ಕ

ಮರುದಿನ ಹುಡುಗನಿಗೆ ಫೋನ್ ಮಾಡಿ, ಖಾಲಿ ಡಿಎಪಿ ಚೀಲ ಇದ್ದರೆ ತಗೊಂಡು ಬಾ ಅಂದೆ. ಮಲೆನಾಡಿನಲ್ಲಿ ಖಾಲಿ ಗೊಬ್ಬರದ ಚೀಲ ಸಿಗದ ಮನೆ ಉಂಟೇ? ಮಳೆಗೆ ತಲೆ ಮೇಲೆ ಹಾಕಿಕೊಳ್ಳುವುದೂ ಅದೇ, ಕಣದಲ್ಲಿ ಕಾಫಿ ತುಂಬುವುದೂ ಅದೇ. ಅಚ್ಚು ಬಿದ್ದ ಭಾಗವನ್ನಷ್ಟೇ ಕತ್ತರಿಸಿ, ಪುಸ್ತಕದ ನಡುವೆ ಮಡಚಿಟ್ಟುಕೊಂಡು ಬಂದ. ಸಂಖ್ಯೆ ಚೆನ್ನಾಗಿ ಕಾಣುತ್ತಿತ್ತು: 18-46-0.

ಮೊದಲು ಕ್ಯಾಲ್ಸಿಯಂ ನೈಟ್ರೇಟ್ ತಗೊಂಡೆವು. ಕ್ಯಾಲ್ಸಿಯಂ ಚಾರ್ಜ್ ಎರಡು ಧನ, ನೈಟ್ರೇಟಿಗೆ ಒಂದು ಋಣ. ಸರಿಹೋಗಬೇಕಾದರೆ ನೈಟ್ರೇಟ್ ಎರಡೇ ಬೇಕು. ಒಂದು ಸಾಲದು, ಮೂರು ಜಾಸ್ತಿ. ಬೇರೆ ದಾರಿಯೇ ಇಲ್ಲ. ಒಂದು ಜೊತೆ ಚಪ್ಪಲಿ ಕೊಡಿ ಅಂದ ಮೇಲೆ ಎರಡು ಇರಲಿ ಅಂತ ಅಂಗಡಿಯವನಿಗೆ ಹೇಳಬೇಕಾ? ಅದಕ್ಕೇ ಡೈ ಬೇಡ. ಹಾಕಿದರೆ ಅರ್ಥವೇನೂ ಕೆಡುವುದಿಲ್ಲ, ಅನಗತ್ಯ ಅಷ್ಟೇ.

ಸಿಒ₂ ಹಾಗಲ್ಲ. ಅಲ್ಲಿ ಅಯಾನುಗಳೇ ಇಲ್ಲ. ಕಾರ್ಬನ್ ಒಂದು ಆಕ್ಸಿಜನ್ ಜೊತೆಗೂ ಇರುತ್ತದೆ, ಎರಡರ ಜೊತೆಗೂ ಇರುತ್ತದೆ. ಒಂದು ಮನೆಯೊಳಗೆ ಜೀವ ತೆಗೆಯುವ ಹೊಗೆಯ ಗ್ಯಾಸು, ಇನ್ನೊಂದು ನಾವು ಬಿಡುವ ಉಸಿರು. ಎಷ್ಟು ಅಂತ ಹೇಳಲೇಬೇಕು. ಗೊಂದಲಕ್ಕೆ ಜಾಗ ಇರುವ ಕಡೆ ಎಣಿಕೆ ಹೇಳು, ಇಲ್ಲದ ಕಡೆ ಬಿಡು. ಡೈಕ್ರೋಮೇಟಿನ ಡೈ ಇನ್ನೂ ಬೇರೆ. ಅದು ಅಯಾನಿನ ಹೆಸರಿನ ಒಳಗಿನದು, ಎರಡು ಕ್ರೋಮಿಯಂ ಸೇರಿಕೊಂಡಿರುವುದಕ್ಕೆ ಇಟ್ಟಿದ್ದು. ಹೆಸರಿನಿಂದ ಅದನ್ನು ಕಿತ್ತರೆ ಅಯಾನೇ ಬದಲಾಗುತ್ತದೆ.

ಕಬ್ಬಿಣಕ್ಕೆ ರೋಮನ್ ಅಂಕಿ ಬರೆಯುವುದೂ ಇದೇ ಕಾರಣಕ್ಕೆ. ಕಬ್ಬಿಣ ಎರಡು ಧನ ಆಗಬಹುದು, ಮೂರು ಧನ ಆಗಬಹುದು. ಬರೀ ಐರನ್ ಸಲ್ಫೇಟ್ ಅಂದರೆ ಯಾವುದು ಅಂತ ತಿಳಿಯುವುದಿಲ್ಲ. ಕತ್ತಿ ಅದ್ದಿದಾಗ ಬಂದದ್ದು ಎರಡರದ್ದು.

ಈಗ ಡಿಎಪಿ. ಫಾಸ್ಫೇಟಿಗೆ ಮೂರು ಋಣ. ಅಮೋನಿಯಂ ಒಂದು ಧನ. ಹಾಗಾದರೆ ಮೂರು ಅಮೋನಿಯಂ ಬೇಕಿತ್ತಲ್ಲ, ಚೀಲದ ಮೇಲೆ ಎರಡೇ ಯಾಕೆ? ಹುಡುಗನೇ ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತು ಹೇಳಿದ: “ಒಂದು ಜಾಗದಲ್ಲಿ ಹೈಡ್ರೋಜನ್ ಕೂತಿರ್ಬೇಕು.”

ಹೌದು. ಅಲ್ಲಿರುವುದು ಬರೀ ಫಾಸ್ಫೇಟ್ ಅಲ್ಲ, ಹೈಡ್ರೋಜನ್ ಫಾಸ್ಫೇಟ್, ಎಚ್‌ಪಿಒ₄. ಅದಕ್ಕೆ ಎರಡು ಋಣ. ಪುಸ್ತಕದ ಹೆಸರು ಅಮೋನಿಯಂ ಹೈಡ್ರೋಜನ್ ಫಾಸ್ಫೇಟ್. ಎರಡು ಹೈಡ್ರೋಜನ್ ಕೂತು ಒಂದೇ ಅಮೋನಿಯಂ ಇದ್ದರೆ ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್. ಅದೂ ಗೊಬ್ಬರವೇ, ಅಂಗಡಿಯಲ್ಲಿ ಮೋನೋಅಮೋನಿಯಂ ಫಾಸ್ಫೇಟ್ ಅನ್ನುತ್ತಾರೆ. ವ್ಯಾಪಾರದವರು ಹೈಡ್ರೋಜನ್ ಹೆಸರು ಬಿಟ್ಟು ಅಮೋನಿಯಂ ಎಣಿಸಿದರು. ಎರಡು ಬಗೆ ಇರುವುದರಿಂದ ಎಣಿಸಲೇಬೇಕಾಯಿತು. ಚೀಲದ ಡೈ ತಪ್ಪಲ್ಲ. ಗೊಂದಲ ಇರುವ ಕಡೆಯೇ ಬಂದು ಕೂತಿದೆ.

“ಎರಡೇ ಇದೆ ಅಂತ ಗ್ಯಾರಂಟಿ ಏನು ಮೇಡಂ?”

ಚೀಲವೇ ಗ್ಯಾರಂಟಿ. 18 ಅಂದರೆ ನೂರಕ್ಕೆ 18 ಪಾಲು ನೈಟ್ರೋಜನ್. 46 ಅಂದರೆ ರಂಜಕ, ಆದರೆ ಅದನ್ನು ಪಿ₂ಒ₅ ಲೆಕ್ಕದಲ್ಲಿ ಹೇಳುವುದು ಹಳೆಯ ಪದ್ಧತಿ. ಚೀಲದೊಳಗೆ ಪಿ₂ಒ₅ ಅನ್ನುವ ವಸ್ತು ಇಲ್ಲವೇ ಇಲ್ಲ, ಲೆಕ್ಕಕ್ಕೆ ಮಾತ್ರ. ಒಂದು ರಂಜಕಕ್ಕೆ ಪಿ₂ಒ₅ ಲೆಕ್ಕದಲ್ಲಿ ತೂಕ 71. ಒಂದು ನೈಟ್ರೋಜನ್ 14. ಒಂದು ಅಮೋನಿಯಂ ಇದ್ದರೆ 14 ಭಾಗಿಸು 71, ಸುಮಾರು 0.20. ಎರಡಿದ್ದರೆ 28 ಭಾಗಿಸು 71, ಅದು 0.39. ಮೂರಿದ್ದರೆ 0.59. ಈಗ ಚೀಲದ ಮೇಲಿನದು: 18 ಭಾಗಿಸು 46.

ಹುಡುಗ ಮೊಬೈಲ್ ತೆಗೆಯಲಿಲ್ಲ, ಕೈಲೇ ಭಾಗಿಸಿದ. 0.39. ಚೀಲದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ, ಹಿಂದೆ ಇನ್ನೇನಾದರೂ ಬರೆದಿದೆಯೇನೋ ಅನ್ನುವ ಹಾಗೆ. ಆಮೇಲೆ ಶುದ್ಧ ವಸ್ತುವಿನಲ್ಲಿ ನೈಟ್ರೋಜನ್ ಎಷ್ಟಿರಬೇಕು ಅಂತಲೂ ಲೆಕ್ಕ ಹಾಕಿದ, 21ರಷ್ಟು ಬಂತು. “18 ಮಾತ್ರ ಇದೆ. ಮೋಸ!” ಅಂದ. ಮೋಸವಲ್ಲ, 18 ಅಂತ ಹೇಳಿಯೇ ಮಾರುತ್ತಾರೆ. ಕಾರ್ಖಾನೆಯ ಗೊಬ್ಬರ ಲ್ಯಾಬಿನ ಹರಳಿನಷ್ಟು ಶುದ್ಧ ಇರುವುದಿಲ್ಲ. ಎರಡೂ ಒಂದೇ ಪ್ರಮಾಣದಲ್ಲಿ ಕಡಿಮೆ ಇರುವುದರಿಂದ ಭಾಗಿಸಿದಾಗ ಉತ್ತರ ಕೆಡಲಿಲ್ಲ.

ಅವತ್ತು ಬಸ್ಸಿಗೆ ತಡವಾಯಿತು. ತಂದೆ ಫೋನ್ ಮಾಡಿ ಕೇಳಿದರು. ಗೊಬ್ಬರದ ಲೆಕ್ಕ ಮಾಡ್ತಾ ಇದ್ವಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಏಟು, ಐಟು, ಐಡು

ಮೂರನೆಯ ಬಗೆಯ ತಪ್ಪಿಗೆ ಕಾರಣ ಕಿವಿ. ಕನ್ನಡದಲ್ಲಿ ಬರೆದು ನೋಡಿ: ಸಲ್ಫೇಟ್, ಸಲ್ಫೈಟ್, ಸಲ್ಫೈಡ್. ಒಂದು ಏತ್ವ, ಒಂದು ಐತ್ವ, ಕೊನೆಯಲ್ಲಿ ಟ ಅಥವಾ ಡ. ಬೇಗ ಹೇಳಿದರೆ ಕೊನೆಯ ವ್ಯಂಜನ ಬಾಯೊಳಗೇ ಉಳಿಯುತ್ತದೆ. ಮೇಲಾಗಿ ಅವನು ಉತ್ತರ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಕೇಳಿದ್ದನ್ನು ಕನ್ನಡದಲ್ಲಿ ನೆನಪಿಟ್ಟು, ಅದನ್ನು ಇಂಗ್ಲಿಷಿಗೆ ಇಳಿಸುವಷ್ಟರಲ್ಲಿ ಐಟು ಐಡಾಗುತ್ತಿತ್ತು.

ಇದಕ್ಕೆ ಮದ್ದು ನಮ್ಮ ಊರ ಬಾಯಲ್ಲೇ ಇತ್ತು. ನಮ್ಮ ಹಿರಿಯರು ಬಸ್ಸು, ಲೈಟು, ರೋಡು ಅನ್ನುತ್ತಾರಲ್ಲ. ಕೊನೆಗೆ ಉಕಾರ ಸೇರಿಸಿದರೆ ಟ-ಡ ಗಟ್ಟಿಯಾಗಿ ಕೇಳಿಸುತ್ತದೆ. ಸಲ್ಫೇಟು, ಸಲ್ಫೈಟು, ಸಲ್ಫೈಡು. ಕಾಲೇಜಿಗೆ ಬಂದ ಮೇಲೆ ಮಕ್ಕಳು ಆ ಉಕಾರ ಬಿಡಲು ಕಷ್ಟಪಡುತ್ತಾರೆ, ನಾಚಿಕೆ. ನಮ್ಮ ಕೋಣೆಯಲ್ಲಿ ಅದನ್ನೇ ಕಡ್ಡಾಯ ಮಾಡಿದೆ. ಮೊದಲ ದಿನ ಎಲ್ಲರೂ ನಕ್ಕರು.

ಅರ್ಥದ ಗೊಂದಲವೂ ಇತ್ತು. ನೈಟ್ರೇಟಿನಲ್ಲಿ ಆಕ್ಸಿಜನ್ ಮೂರು, ಆದ್ದರಿಂದ ಎಸ್‌ಒ₃ ಕೂಡ ಏಟು ಅಂತ ಹುಡುಗನ ತರ್ಕ. ಏಟು, ಐಟು ಯಾವ ನಿರ್ದಿಷ್ಟ ಸಂಖ್ಯೆಯನ್ನೂ ಹೇಳುವುದಿಲ್ಲ. ಒಂದೇ ಮನೆಯ ಇಬ್ಬರಲ್ಲಿ ಆಕ್ಸಿಜನ್ ಜಾಸ್ತಿ ಇರುವವನು ಏಟು, ಕಡಿಮೆ ಇರುವವನು ಐಟು, ಅಷ್ಟೇ. ಸಲ್ಫೇಟಿಗೆ ನಾಲ್ಕು, ಸಲ್ಫೈಟಿಗೆ ಮೂರು. ನೈಟ್ರೇಟಿಗೆ ಮೂರು, ನೈಟ್ರೈಟಿಗೆ ಎರಡು. ಐಡು ಅಂದರೆ ಸಾಮಾನ್ಯವಾಗಿ ಒಂಟಿ ಮೂಲವಸ್ತು. ಹೈಡ್ರಾಕ್ಸೈಡ್, ಸೈನೈಡ್ ಥರದ ಕೆಲವು ಗುಂಪಾಗಿದ್ದೂ ಐಡು ಹಾಕಿಕೊಂಡಿವೆ, ಅವನ್ನು ನೆನಪಿಟ್ಟುಕೊಳ್ಳುವುದು ಬಿಟ್ಟು ಬೇರೆ ದಾರಿಯಿಲ್ಲ. ಇನ್ನು ಚಾರ್ಜೇ ಇಲ್ಲದ ಎಸ್‌ಒ₃ ಬೇರೆ ವಸ್ತು, ಅದು ಸಲ್ಫರ್ ಟ್ರೈಆಕ್ಸೈಡ್.

“ಒಂದಕ್ಷರ ತಾನೇ ಮೇಡಂ” ಅಂತ ಇನ್ನೊಬ್ಬ ಹುಡುಗ ಅಂದ. ಅವನಿಗೆ ಜಿಂಕ್ ಫಾಸ್ಫೈಡ್ ವಿಷಯ ಹೇಳಿದೆ. ಅದು ಇಲಿ ಪಾಷಾಣ. ಹೊಟ್ಟೆಯ ಆಮ್ಲ ತಗುಲಿದರೆ ಫಾಸ್ಫೀನ್ ಅನ್ನುವ ವಿಷಗಾಳಿ ಬರುತ್ತದೆ. ಜಿಂಕ್ ಫಾಸ್ಫೇಟ್ ಲೋಹಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ಬಣ್ಣದಲ್ಲಿ ಹಾಕುವ ಪುಡಿ. ನಡುವೆ ಇರುವುದು ಒಂದು ಐತ್ವ, ಒಂದು ಡಕಾರ. ಆಮೇಲೆ ಯಾರೂ ನಗಲಿಲ್ಲ.

ದಾರಿ ತಪ್ಪಿಸುವ ಲೇಬಲ್ಲು

ಇಷ್ಟಾದ ಮೇಲೆ ಹುಡುಗ ಮನೆಯ ಗೊಬ್ಬರದ ಕೋಣೆಯಲ್ಲಿರುವ ಎಲ್ಲದರ ಪಟ್ಟಿ ಮಾಡಿಕೊಂಡು ಬಂದ. ಅದರಲ್ಲಿ ಯೂರಿಯಾ ಅಯಾನಿಕವೇ ಅಲ್ಲ, ಪಕ್ಕಕ್ಕಿಟ್ಟೆವು. ಸುಣ್ಣ ಅಂತ ಒಂದೇ ಹೆಸರು ಬರೆದಿದ್ದ. ಯಾವ ಸುಣ್ಣ ಅಂತ ಕೇಳಿದರೆ ಮೂರು ಹೊರಬಂತು. ಗೂಡಿನಿಂದ ತಂದ ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್. ಅದಕ್ಕೆ ನೀರು ಹಾಕಿ ಕುದಿಸಿದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹುಳಿ ಮಣ್ಣಿಗೆ ಹಾಕುವ ಕೃಷಿ ಸುಣ್ಣ ಕ್ಯಾಲ್ಸಿಯಂ ಕಾರ್ಬೋನೇಟ್. ಅಪ್ಪನ ಬಾಯಲ್ಲಿ ಮೂರೂ ಸುಣ್ಣವೇ.

ಡಾಲಮೈಟ್ ನೋಡಿ “ಇದು ಐಟು, ಆಕ್ಸಿಜನ್ ಕಡಿಮೆ” ಅಂದ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿದ ಕಾರ್ಬೋನೇಟ್, ಅಂದರೆ ಏಟು. ಕಲ್ಲಿಗೆ ಹೆಸರಿಡುವಾಗ ಬರುವ ಐಟು ಬೇರೆ, ಅಯಾನಿನ ಐಟು ಬೇರೆ. ಕ್ಯಾಲ್ಸೈಟ್, ಮ್ಯಾಗ್ನಟೈಟ್, ಡಾಲಮೈಟ್ ಎಲ್ಲ ಕಲ್ಲಿನ ಹೆಸರು.

ಅದಕ್ಕಿಂತ ಮಜಾ ಪೊಟ್ಯಾಷಿನದು. ಚೀಲದ ಮೇಲೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂತಿದೆ. “ಏಟು ಇದೆ, ಆಕ್ಸಿಜನ್ ಇರ್ಬೇಕು” ಅಂದ ಹುಡುಗ. ನಿಯಮ ಸರಿಯಾಗಿ ಹಾಕಿದ್ದಾನೆ, ಆದರೂ ಉತ್ತರ ತಪ್ಪು. ಒಳಗಿರುವುದು ಪೊಟ್ಯಾಸಿಯಂ ಕ್ಲೋರೈಡ್, ಆಕ್ಸಿಜನ್ ಇಲ್ಲ. ತಪ್ಪು ಹುಡುಗನದ್ದಲ್ಲ, ಇನ್ನೂರು ವರ್ಷಕ್ಕೂ ಹಿಂದಿನದು. 1787ರಲ್ಲಿ ಪ್ಯಾರಿಸ್ಸಿನಲ್ಲಿ ಗೀತೋಂ ದ ಮೋರ್ವೋ, ಲವಾಸಿಯೇ, ಬರ್ತೊಲೆ, ಫೂರ್ಕ್ರೊವಾ ಅನ್ನುವ ನಾಲ್ವರು ವಿಜ್ಞಾನಿಗಳು ಸೇರಿ ರಾಸಾಯನಿಕಗಳಿಗೆ ಹೊಸ ಹೆಸರಿನ ಪದ್ಧತಿ ತಂದರು. ಏಟು, ಐಟುಗಳ ಲೆಕ್ಕ ಬಂದದ್ದು ಅಲ್ಲಿಂದ. ಎಲ್ಲ ಆಮ್ಲದಲ್ಲೂ ಆಕ್ಸಿಜನ್ ಇರುತ್ತದೆ ಅಂತ ಲವಾಸಿಯೇ ನಂಬಿದ್ದ. ಮ್ಯೂರಿಯಾಟಿಕ್ ಆಮ್ಲ, ಅಂದರೆ ಇಂದಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲೂ ಇರಬೇಕು, ಆದ್ದರಿಂದ ಅದರ ಉಪ್ಪಿಗೂ ಏಟು. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತು, ಅದರಲ್ಲಿ ಆಕ್ಸಿಜನ್ ಇಲ್ಲ ಅಂತ ತೋರಿಸಿದ. ಪುಸ್ತಕದಲ್ಲಿ ಹೆಸರು ಬದಲಾಯಿತು. ಗೊಬ್ಬರದ ಚೀಲದಲ್ಲಿ ಬದಲಾಗಲಿಲ್ಲ.

“ಲವಾಸಿಯೇನೂ ನನ್ ಥರಾನೇ ತಪ್ಪು ಮಾಡಿದ್ದ” ಅಂತ ಹುಡುಗ ಹೇಳಿಕೊಂಡು ಓಡಾಡಿದ. ಅಷ್ಟು ಧೈರ್ಯ ಬಂದರೆ ಸಾಕು ಅಂತ ನಾನೂ ತಿದ್ದಲಿಲ್ಲ.

ಏನಾಯಿತು

ಆರು ವಾರದ ನಂತರ ಬೇರೆ 20 ಸೂತ್ರಗಳ ಚೀಟಿ ಕೊಟ್ಟೆ. 17 ಸರಿ. ಒಡೆಯುವ ತಪ್ಪು ಒಂದೂ ಇಲ್ಲ, ಬೇಡದ ಡೈ ಒಂದೂ ಇಲ್ಲ. ಬಿದ್ದ ಮೂರರಲ್ಲಿ ಒಂದು ಥಯೋಸಲ್ಫೇಟ್, ಎರಡು ಕ್ಲೋರಿನ್ ಮನೆಯವು. ಆ ಮನೆಯಲ್ಲಿ ನಾಲ್ವರಿದ್ದಾರೆ: ಹೈಪೋಕ್ಲೋರೈಟ್, ಕ್ಲೋರೈಟ್, ಕ್ಲೋರೇಟ್, ಪರ್‌ಕ್ಲೋರೇಟ್. ಆಕ್ಸಿಜನ್ ಒಂದರಿಂದ ನಾಲ್ಕರವರೆಗೆ. ‘ಜಾಸ್ತಿ ಇರುವವನು, ಕಡಿಮೆ ಇರುವವನು’ ಅನ್ನುವ ನನ್ನ ಮಾತು ಇಬ್ಬರಿಗೆ ಸಾಕಿತ್ತು, ನಾಲ್ವರಿಗೆ ಸಾಲದು.

ಇದನ್ನೆಲ್ಲ ಚೀಲವೇ ಮಾಡಿತು ಅನ್ನಲಾರೆ. ನಡುವೆ ಕಾಲೇಜಿನ ಟೆಸ್ಟ್ ಇತ್ತು, ಅವನೂ ಓದಿಕೊಂಡಿದ್ದ. ಅದೇ ಗುಂಪಿನ ಇನ್ನೊಬ್ಬ ಹುಡುಗಿಗೆ ಡಿಎಪಿ ಲೆಕ್ಕ ಏನೂ ಹತ್ತಲಿಲ್ಲ. ಅವರದ್ದು ಪೇಟೆ ಮನೆ, ಚೀಲ ನೋಡಿಯೇ ಇಲ್ಲ. ಅವಳಿಗೆ ಅಡುಗೆ ಸೋಡಾ, ವಾಷಿಂಗ್ ಸೋಡಾ, ಪಟಿಕದಿಂದ ಶುರು ಮಾಡಬೇಕಾಯಿತು. ಉಕಾರದ ಉಪಾಯ ಮಾತ್ರ ಎಲ್ಲರಿಗೂ ಕೆಲಸ ಮಾಡಿತು.

ನಾನು ಬದಲಾಯಿಸಿಕೊಂಡದ್ದು ಒಂದು. ಚೀಟಿ ತಿದ್ದುವಾಗ ಈಗ ಸರಿ ಉತ್ತರದ ಪಕ್ಕದಲ್ಲೂ ‘ಹೇಗೆ ಗೊತ್ತಾಯ್ತು?’ ಅಂತ ಬರೆಯುತ್ತೇನೆ. ಕೆಂಪು ಇಂಕು ಜಾಸ್ತಿ ಖರ್ಚಾಗುತ್ತದೆ.

ದೀಪಾವಳಿ ರಜೆಯಲ್ಲಿ ಹುಡುಗ ಫೋನ್ ಮಾಡಿದ. ನೆಂಟರ ಜೊತೆ ಬೇಲೂರಿಗೆ ಹೋಗಿದ್ದನಂತೆ. ಹಿಂದೆ ಜನರ ಗದ್ದಲ ಕೇಳಿಸುತ್ತಿತ್ತು.

“ಮೇಡಂ, ದೇವಸ್ಥಾನದ ಕಲ್ಲಿಗೆ ಗೈಡು ಕ್ಲೋರೈಟ್ ಶಿಸ್ಟ್ ಅಂದ್ರು. ಕ್ಲೋರೈಟು ಅಂದ್ರೆ ಕ್ಲೋರಿನ್ನಿಗೆ ಆಕ್ಸಿಜನ್ ಎರಡು ಅಲ್ವಾ? ಆಮೇಲೆ ಅನ್ನಿಸ್ತು, ಇದು ಕಲ್ಲಿನ ಐಟು ಇರ್ಬೇಕು ಅಂತ.”

“ಕಲ್ಲಿನದೇ. ಅದರಲ್ಲಿ ಕ್ಲೋರಿನ್ನೇ ಇಲ್ಲ. ಗ್ರೀಕಿನಲ್ಲಿ ಕ್ಲೋರೋಸ್ ಅಂದ್ರೆ ತಿಳಿಹಸಿರು. ಕಲ್ಲು ಹಸಿರು ಛಾಯೆ ಅಂತ ಆ ಹೆಸರು. ಕ್ಲೋರಿನ್ ಗ್ಯಾಸಿಗೂ ಬಣ್ಣ ನೋಡೇ ಡೇವಿ ಅದೇ ಪದದಿಂದ ಹೆಸರಿಟ್ಟಿದ್ದು.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪಕ್ಕದಲ್ಲಿದ್ದವರಿಗೆ ಹೇಳಿದ್ದು ಕೇಳಿಸಿತು: “ನಾನ್ ಹೇಳ್ಲಿಲ್ವಾ, ಬ್ಲೀಚಿಂಗ್ ಪೌಡರ್ ಥರದ್ದೆಲ್ಲ ಏನೂ ಇಲ್ಲ ಇದ್ರಲ್ಲಿ.”